ಮನೆಯಲ್ಲೇ ಮಸಾಲೆ ಬಾದಾಮಿ ಹಾಲು ಕಾಯಿಸುವ ಬಗೆ

ಪೇಟೆಬೀದಿಯಲ್ಲಿ ಸಂಜೆಯ ಹೊತ್ತು ಅಗಲ ಬಾಯಿಯ ಬಾಣಲೆಯಲ್ಲಿ ಕಾಯುತ್ತಿರುವ ಬಾದಾಮಿ ಹಾಲನ್ನು ನೋಡಿ ಬೆಳೆದವರಿಗೆ ಆ ಹಾಲಿನ ಬಣ್ಣವೆಂದರೆ ಹಳದಿ. ಮನೆಯಲ್ಲಿ ಮೊದಲ ಸಲ ಮಾಡಿದವರು ನಿರಾಶರಾಗುವುದೂ ಈ ಬಣ್ಣದ ವಿಷಯದಲ್ಲಿಯೇ. ಸಿಪ್ಪೆ ಸುಲಿದ ಬಾದಾಮಿಯ ತಿರುಳು ಕೊಬ್ಬರಿಯಂತೆ ಬಿಳುಪು. ಅದನ್ನು ನುಣ್ಣಗೆ ರುಬ್ಬಿ ಹಾಲಿಗೆ ಬೆರೆಸಿ ಎಷ್ಟು ಹೊತ್ತು ಕುದಿಸಿದರೂ ಬರುವುದು ಕೆನೆಬಣ್ಣವೇ. ಅಂಗಡಿಯ ಹಳದಿ ಸಾಮಾನ್ಯವಾಗಿ ಕಸ್ಟರ್ಡ್ ಪುಡಿಯಿಂದಲೋ ತಿನಿಸಿಗೆ ಬಳಸುವ ಬಣ್ಣದಿಂದಲೋ ಬಂದದ್ದು, ಮಂದವಾಗಲು ಕಾರ್ನ್‌ಫ್ಲೋರ್‌ನ ನೆರವನ್ನೂ ಅಲ್ಲಿ ಪಡೆದಿರುತ್ತಾರೆ. ಮನೆಯ ಬಾದಾಮಿ ಹಾಲು ಬಣ್ಣದಲ್ಲಿ ಸೌಮ್ಯ, ಪರಿಮಳದಲ್ಲಿ ಇನ್ನೂ ಸೌಮ್ಯ. ಅದರ ಹೆಚ್ಚುಗಾರಿಕೆಯೆಲ್ಲ ಬಾಯಿ ತುಂಬುವ ನುಣುಪಿನಲ್ಲಿದೆ. ಆ ನುಣುಪು ಬರುವುದು ಎರಡೇ ಕೆಲಸಗಳಿಂದ: ಬಾದಾಮಿಯನ್ನು ಬೆಣ್ಣೆಯಂತೆ ರುಬ್ಬಬೇಕು, ರುಬ್ಬಿದ್ದನ್ನು ಸಣ್ಣ ಉರಿಯಲ್ಲಿ ಆತುರಪಡದೆ ಬೇಯಿಸಬೇಕು. ಏಲಕ್ಕಿ, ಕೇಸರಿ, ಜಾಯಿಕಾಯಿಗಳ ಸರದಿ ಇವೆರಡರ ನಂತರ ಬರುತ್ತದೆ.

ಈಚೆಗೆ ಬಾದಾಮಿಯನ್ನು ನೀರಿನಲ್ಲಿ ರುಬ್ಬಿ ಸೋಸಿದ ಬಿಳಿ ದ್ರವವನ್ನೂ ಬಾದಾಮಿ ಹಾಲೆಂದು ಪೊಟ್ಟಣಗಳಲ್ಲಿ ಮಾರುತ್ತಿರುವುದರಿಂದ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಇಲ್ಲಿ ಹೇಳುತ್ತಿರುವುದು ಹಸುವಿನ ಅಥವಾ ಎಮ್ಮೆಯ ಹಾಲಿನಲ್ಲಿ ಬಾದಾಮಿಯ ನುಣ್ಣನೆಯ ಹಿಟ್ಟನ್ನು ಬೇಯಿಸಿ ಮಾಡುವ, ಮದುವೆಮನೆಗಳಲ್ಲಿ ಲೋಟ ತುಂಬಿ ಕೊಡುವ ನಮ್ಮ ಪಾನೀಯ. ಉತ್ತರ ಭಾರತದವರು ಹೋಳಿ, ಶಿವರಾತ್ರಿಗಳಿಗೆ ಮಾಡುವ ಠಂಡಾಯಿ ಇದರ ದಾಯಾದಿಯೆನ್ನಬಹುದು. ಆದರೆ ಅದರಲ್ಲಿ ಸೋಂಪು, ಕಾಳುಮೆಣಸು, ಗಸಗಸೆ, ಗುಲಾಬಿ ಎಸಳು, ಕರಬೂಜದ ಬೀಜ ಎಲ್ಲವೂ ಸೇರಿ ಮಸಾಲೆಯದೇ ಮೇಲುಗೈಯಾಗಿರುತ್ತದೆ. ನಮ್ಮ ಬಾದಾಮಿ ಹಾಲಿನಲ್ಲಿ ಬಾದಾಮಿಯೇ ಯಜಮಾನ.

ಸಾಮಗ್ರಿಯ ಅಳತೆ

ಐದಾರು ಜನಕ್ಕೆ ಸಾಲುವಷ್ಟು ಹಾಲಿಗೆ 1 ಲೀಟರ್ ಗಟ್ಟಿ ಹಾಲು, 60 ಗ್ರಾಂ ಬಾದಾಮಿ, 80 ಗ್ರಾಂ ಸಕ್ಕರೆ, 6 ಹಸಿರು ಏಲಕ್ಕಿ, 20 ರಿಂದ 25 ಎಸಳು ಕೇಸರಿ ಮತ್ತು ಚಿಟಿಕೆಗಿಂತ ಕಡಿಮೆ ಜಾಯಿಕಾಯಿ ಪುಡಿ ಬೇಕು. ತಕ್ಕಡಿಯಿಲ್ಲದವರು ಬಾದಾಮಿಯನ್ನು ಎಣಿಸಿಕೊಳ್ಳಬಹುದು. ಒಂದು ಬಾದಾಮಿ ಹೆಚ್ಚುಕಡಿಮೆ 1.2 ಗ್ರಾಂ ತೂಗುವುದರಿಂದ 50 ಬಾದಾಮಿ ಎಂದು ಲೆಕ್ಕ ಇಟ್ಟುಕೊಂಡರೆ ತಪ್ಪಾಗುವುದಿಲ್ಲ. ಸಕ್ಕರೆ ಊಟದ ದೊಡ್ಡ ಚಮಚದಲ್ಲಿ ಆರರ ಸುಮಾರಿಗೆ ಬರುತ್ತದೆ. ಈ ಅಳತೆಯಲ್ಲಿ ಸಿಹಿ ಮಧ್ಯಮ. ಅಂಗಡಿಯ ಸಿಹಿಗೆ ಒಗ್ಗಿದವರಿಗೆ ಕಡಿಮೆಯೆನಿಸೀತು. ಬಾದಾಮಿಯನ್ನು 100 ಗ್ರಾಂಗೆ ಏರಿಸಿದರೆ ರುಚಿ ಇಮ್ಮಡಿಯಾಗುವುದೆಂಬ ಎಣಿಕೆ ಬೇಡ, ಆಗ ಅದು ಕುಡಿಯುವ ಹಾಲಾಗಿ ಉಳಿಯದೆ ಚಮಚದಲ್ಲಿ ತಿನ್ನುವ ಪಾಯಸವಾಗುತ್ತದೆ.

ನಮ್ಮ ಕಿರಾಣಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕ್ಯಾಲಿಫೋರ್ನಿಯಾದ ಬಾದಾಮಿ. ಚಿಪ್ಪಿನ ಸಮೇತ ಹಡಗಿನಲ್ಲಿ ಬಂದ ಸರಕಿನ ಚಿಪ್ಪು ಒಡೆದು ಬೇರ್ಪಡಿಸುವ ಕೆಲಸ ಬಹಳಮಟ್ಟಿಗೆ ಇಲ್ಲಿಯೇ ನಡೆಯುತ್ತದೆ. ಒಂದೇ ಗಾತ್ರ, ಚಪ್ಪಟೆ ಮೈ, ಸುಲಭವಾಗಿ ಬಿಟ್ಟುಕೊಡುವ ಸಿಪ್ಪೆ ಇವುಗಳಿಂದಾಗಿ ಹಾಲಿಗೆ ಇದು ಅನುಕೂಲಕರ. ಇರಾನ್, ಅಫ್ಘಾನಿಸ್ತಾನಗಳ ಕಡೆಯಿಂದ ಬರುವ ಮಾಮ್ರಾ ಬಾದಾಮಿ ಅಂಕುಡೊಂಕಾಗಿ, ನಡುವೆ ತಗ್ಗಾಗಿ ದೋಣಿಯಂತಿರುತ್ತದೆ; ಎಣ್ಣೆಯಂಶ ಹೆಚ್ಚು, ರುಚಿ ಗಾಢ, ಬೆಲೆಯೂ ಎರಡು ಮೂರು ಪಟ್ಟು. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಂತಹ ಕಡೆ ಒಣಹಣ್ಣಿನ ಅಂಗಡಿಗಳಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಮಾರುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಹಾಲಿನ ಕೊಬ್ಬು, ಸಕ್ಕರೆ ಮತ್ತು ಏಲಕ್ಕಿಗಳ ನಡುವೆ ಮಾಮ್ರಾದ ಸೂಕ್ಷ್ಮ ರುಚಿ ಅರ್ಧಕ್ಕರ್ಧ ಅಡಗಿಹೋಗುವುದರಿಂದ ಅದನ್ನು ಬರಿದಾಗಿ ತಿನ್ನಲು ಇಟ್ಟುಕೊಂಡು ಹಾಲಿಗೆ ಸಾಧಾರಣ ಬಾದಾಮಿಯನ್ನೇ ಬಳಸುವುದು ಜಾಣತನ. ಗುರ್‌ಬಂದಿ ಎಂಬ ಪುಟ್ಟ ಬಾದಾಮಿಯೂ ಒಳ್ಳೆಯದೇ, ಆದರೆ ಅದರ ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ಕಹಿ ಬಾದಾಮಿ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು.

ಕಹಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಹಿ ಬಾದಾಮಿಯಲ್ಲಿ ಅಮಿಗ್ಡಲಿನ್ ಎಂಬ ವಸ್ತುವಿದ್ದು, ಜಗಿದಾಗ ಅಥವಾ ಅರೆದಾಗ ಅದರಿಂದ ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ಒಂದು ಕಾಳು ಬಾಯಿಗೆ ಬಂದರೆ ಉಗುಳಿ ಬಾಯಿ ಮುಕ್ಕಳಿಸಿದರೆ ಆಯಿತು, ಗಾಬರಿಪಡಬೇಕಾಗಿಲ್ಲ. ಆದರೆ ರುಬ್ಬುವ ಮೊದಲು ಹೊಸ ಪೊಟ್ಟಣದ ನಾಲ್ಕೈದು ಕಾಳನ್ನು ಕಚ್ಚಿ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು. ಹಳತಾದ ಬಾದಾಮಿಯೂ ಇದೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಬಾದಾಮಿಯ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಬಿಸಿಲುಕಾಲದಲ್ಲಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಳಿದದ್ದು ಕಮಟು ಹಿಡಿಯುತ್ತದೆ. ಒಂದನ್ನು ಅಡ್ಡಲಾಗಿ ಮುರಿದು ನೋಡಿದಾಗ ಒಳಭಾಗ ಬಿಳಿಯಾಗಿದ್ದರೆ ಸರಿ, ಹಳದಿ ತಿರುಗಿ ಹಳೆ ಎಣ್ಣೆಯ ವಾಸನೆ ಬಂದರೆ ಅಂಥದ್ದನ್ನು ಹಾಲಿಗೆ ಹಾಕಲೇಬಾರದು. ಎಷ್ಟು ಏಲಕ್ಕಿ ಹಾಕಿದರೂ ಕಮಟು ಮುಚ್ಚುವುದಿಲ್ಲ.

ನೆನೆಸುವುದು, ಸುಲಿಯುವುದು, ರುಬ್ಬುವುದು

ಬಾದಾಮಿಯನ್ನು ತೊಳೆದು, ಮುಳುಗುವುದಕ್ಕಿಂತ ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರು ಹಾಕಿ 6 ರಿಂದ 8 ಗಂಟೆ ನೆನೆಸಬೇಕು. ರಾತ್ರಿ ನೆನೆಹಾಕಿ ಬೆಳಗ್ಗೆ ಸುಲಿಯುವುದು ಅನುಕೂಲ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ ಅಷ್ಟು ಹೊತ್ತು ಹೊರಗಿಟ್ಟರೆ ನೀರು ಹುಳಿವಾಸನೆ ಬರುವ ಸಂಭವವಿರುವುದರಿಂದ ಪಾತ್ರೆಯನ್ನು ಫ್ರಿಜ್ಜಿನಲ್ಲಿಡುವುದು ಲೇಸು. ಹೊತ್ತಿಲ್ಲದವರಿಗೆ ಅಡ್ಡದಾರಿಯೂ ಇದೆ: ಕುದಿಯುತ್ತಿರುವ ನೀರಿಗೆ ಬಾದಾಮಿ ಹಾಕಿ ಒಂದು ನಿಮಿಷ ಬಿಟ್ಟು, ಬಸಿದು, ತಣ್ಣೀರಿಗೆ ಸುರಿದರೆ ಸಿಪ್ಪೆ ಸಡಿಲವಾಗುತ್ತದೆ. ಆದರೆ ಈ ಬಗೆಯಲ್ಲಿ ಸಿಪ್ಪೆ ಮಾತ್ರ ಬಿಡುತ್ತದೆ, ಒಳಗಿನ ತಿರುಳು ಗಟ್ಟಿಯಾಗಿಯೇ ಉಳಿದು ರುಬ್ಬುವಾಗ ತರಿತರಿಯಾಗುತ್ತದೆ. ಆದ್ದರಿಂದ ಸುಲಿದ ಮೇಲೂ ಬಿಸಿ ನೀರಿನಲ್ಲಿ ಅರ್ಧ ಗಂಟೆ ಬಿಡಬೇಕು.

ಚೆನ್ನಾಗಿ ನೆನೆದ ಬಾದಾಮಿಯ ಅಗಲವಾದ ತುದಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಚೂಪಾದ ತುದಿಯಿಂದ ತಿರುಳು ಪುಟಕ್ಕನೆ ಹೊರಕ್ಕೆ ಹಾರುತ್ತದೆ. ಇನ್ನೊಂದು ಕೈಯನ್ನು ಬೋಗುಣಿಯಂತೆ ಅಡ್ಡ ಹಿಡಿಯದಿದ್ದರೆ ಅದು ಒಲೆಯ ಹಿಂದೆಯೋ ಸಿಂಕಿನೊಳಗೋ ಹೋಗಿ ಬೀಳುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಮಾಡಿಸಬಹುದಾದ ಕೆಲಸವಿದು, ಐವತ್ತರಲ್ಲಿ ಐದಾರು ಅವರ ಬಾಯಿಗೆ ಹೋಗುವುದನ್ನು ಲೆಕ್ಕಕ್ಕೆ ಸೇರಿಸಿಕೊಂಡು ನೆನೆಹಾಕಿದರೆ ಸರಿ. ಸಿಪ್ಪೆಯಲ್ಲಿ ಒಗರಿನ ಅಂಶವಿದೆ. ಸುಲಿಯದೆ ರುಬ್ಬಿದರೆ ಹಾಲು ಕಂದುಬಣ್ಣಕ್ಕೆ ತಿರುಗುವುದಲ್ಲದೆ ನಾಲಗೆಯ ಬದಿಯಲ್ಲಿ ಸ್ವಲ್ಪ ಒಗರೂ ಉಳಿಯುತ್ತದೆ. ನೆನೆಸಿದ ಕಂದುನೀರನ್ನೂ ಅದೇ ಕಾರಣಕ್ಕೆ ಚೆಲ್ಲಬೇಕು.

ರುಬ್ಬುವ ಹಂತದಲ್ಲಿ ಹೆಚ್ಚಿನವರು ಎಡವುವುದು ಹಾಲಿನ ಪ್ರಮಾಣದಲ್ಲಿ. ಐವತ್ತು ಬಾದಾಮಿಗೆ ಒಂದು ಲೋಟ ಹಾಲು ಸುರಿದು ಮಿಕ್ಸಿ ತಿರುಗಿಸಿದರೆ ಕಾಳುಗಳು ಹಾಲಿನಲ್ಲಿ ಈಜಾಡುತ್ತವೆಯೇ ಹೊರತು ಬ್ಲೇಡಿಗೆ ಸಿಕ್ಕುವುದಿಲ್ಲ, ಎಷ್ಟು ಹೊತ್ತಾದರೂ ರವೆಯಂಥ ತರಿ ಉಳಿಯುತ್ತದೆ. ಚಟ್ನಿಯ ಸಣ್ಣ ಜಾರಿನಲ್ಲಿ ಮೊದಲು ಬಾದಾಮಿಯನ್ನಷ್ಟೇ ಹಾಕಿ ಎರಡು ಮೂರು ಸಲ ತಿರುಗಿಸಿ ಪುಡಿಮಾಡಿಕೊಂಡು, ಆಮೇಲೆ ಎರಡು ದೊಡ್ಡ ಚಮಚ ತಣ್ಣನೆಯ ಹಾಲು ಸೇರಿಸಿ ರುಬ್ಬಬೇಕು. ಜಾರಿನ ಬದಿಗೆ ಮೆತ್ತಿದ್ದನ್ನು ಚಮಚದಿಂದ ಕೆಳಗೆ ದೂಡಿ, ಇನ್ನೆರಡು ಚಮಚ ಹಾಲು ಹಾಕಿ ಮತ್ತೆ ರುಬ್ಬಬೇಕು. ಹೀಗೆ ನಾಲ್ಕೈದು ಬಾರಿ ಮಾಡುವಷ್ಟರಲ್ಲಿ ಹಿಟ್ಟು ದೋಸೆಹಿಟ್ಟಿಗಿಂತ ಗಟ್ಟಿಯಾಗಿ, ಬೆಣ್ಣೆಗಿಂತ ಸಡಿಲವಾಗಿ ಬಂದು ನಿಲ್ಲುತ್ತದೆ. ಜಾರು ಬೆಚ್ಚಗಾದರೆ ಎರಡು ನಿಮಿಷ ಬಿಡುವು ಕೊಡಬೇಕು, ಏಕೆಂದರೆ ಬಿಸಿಗೆ ಎಣ್ಣೆ ಬಿಟ್ಟುಕೊಂಡ ಹಿಟ್ಟು ಮುಂದೆ ಹಾಲಿನ ಮೇಲೆ ಜಿಡ್ಡಿನ ಚುಕ್ಕೆಗಳಾಗಿ ತೇಲುತ್ತದೆ. ಹದವಾಯಿತೋ ಇಲ್ಲವೋ ಎಂಬುದನ್ನು ಕಣ್ಣು ಹೇಳಲಾರದು. ಒಂದು ಹನಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದಾಗ ಮರಳಿನ ಸ್ಪರ್ಶ ಸ್ವಲ್ಪವೂ ಇರಬಾರದು, ಕುಂಕುಮವನ್ನು ಬೆರಳಲ್ಲಿ ತೀಡಿದಂತೆ ಜಾರಬೇಕು.

ತಣ್ಣನೆಯ ಹಾಲೆಂದು ಒತ್ತಿ ಹೇಳಲು ನನ್ನ ಅನುಭವವೂ ಕಾರಣ. ವರ್ಷಗಳ ಹಿಂದೆ ಮನೆಯಲ್ಲಿ ಅತಿಥಿಗಳು ಬಂದು ಕುಳಿತಿದ್ದಾಗ, ಬೇಗ ಮುಗಿದೀತೆಂದು ಒಲೆಯ ಮೇಲಿದ್ದ ಹಾಲನ್ನೇ ಸೌಟಿನಲ್ಲಿ ಮೊಗೆದು ಜಾರಿಗೆ ಹಾಕಿ ತಿರುಗಿಸಿದೆ. ಒಳಗೆ ಸೇರಿದ ಹಬೆಯ ಒತ್ತಡಕ್ಕೆ ಮುಚ್ಚಳ ಎದ್ದು, ಅರ್ಧ ಬಾದಾಮಿ ಗೋಡೆಯ ಟೈಲ್ಸಿಗೂ ಇನ್ನರ್ಧ ನನ್ನ ಮುಂಗೈಗೂ ಮೆತ್ತಿತು. ಬಂದವರಿಗೆ ಅಂದು ಕಾಫಿಯೇ ಗತಿಯಾಯಿತು.

ಒರಳುಕಲ್ಲು ಇರುವ ಮನೆಯಾದರೆ ಇಪ್ಪತ್ತು ನಿಮಿಷದ ಕೈಕೆಲಸದಲ್ಲಿ ಮಿಕ್ಸಿಗಿಂತ ನುಣ್ಣನೆಯ ಹಿಟ್ಟು ಬರುತ್ತದೆ. ಹಿಟ್ಟನ್ನು ಬಟ್ಟೆಯಲ್ಲಿ ಸೋಸಬೇಕೆ ಎಂದು ಕೆಲವರು ಕೇಳುತ್ತಾರೆ. ಸೋಸಿದರೆ ಹಾಲು ತೆಳುವಾಗಿ ನಯವಾಗುತ್ತದೆ ನಿಜ, ಆದರೆ ದುಡ್ಡು ಕೊಟ್ಟು ತಂದ ಬಾದಾಮಿಯ ಬಹುಭಾಗ ಬಟ್ಟೆಯಲ್ಲೇ ಉಳಿಯುತ್ತದೆ. ಸರಿಯಾಗಿ ರುಬ್ಬಿದವರಿಗೆ ಸೋಸುವ ಪ್ರಮೇಯವೇ ಬರುವುದಿಲ್ಲ.

ಮಸಾಲೆಯ ಮಿತಿ

ಕೇಸರಿಯ ಬಣ್ಣ ಕೊಡುವ ಅಂಶ ನೀರಿನಲ್ಲಿ ಕರಗುವಂಥದ್ದು, ಆದರೆ ನಿಧಾನವಾಗಿ ಕರಗುವಂಥದ್ದು. ಎಸಳುಗಳನ್ನು ಕುದಿಯುವ ಹಾಲಿಗೆ ನೇರವಾಗಿ ಉದುರಿಸಿದರೆ ಕುಡಿದು ಮುಗಿಸಿದ ಲೋಟದ ತಳದಲ್ಲಿ ಅವು ಇನ್ನೂ ಬಣ್ಣ ಬಿಡುತ್ತಾ ಕುಳಿತಿರುವುದನ್ನು ನೋಡಬಹುದು. ಅಂದರೆ ಕೇಸರಿಯ ಅರ್ಧ ಬೆಲೆ ಲೋಟ ತೊಳೆಯುವ ನೀರಿನ ಪಾಲಾಯಿತು. ಆದ್ದರಿಂದ ಹಾಲು ಕಾಯಿಸಲು ಇಡುವ ಮೊದಲೇ, ಉರಿ ಆರಿಸಿದ ಬೆಚ್ಚನೆಯ ಕಾವಲಿಯ ಮೇಲೆ ಎಸಳುಗಳನ್ನು ಅರ್ಧ ನಿಮಿಷ ಇಟ್ಟು ಗರಿಗರಿಯಾದ ಮೇಲೆ ಒಂದು ಚಿಟಿಕೆ ಸಕ್ಕರೆಯೊಂದಿಗೆ ಕುಟ್ಟಿ, ಎರಡು ಚಮಚ ಬಿಸಿ ಹಾಲಿನಲ್ಲಿ 20 ನಿಮಿಷ ನೆನೆಯಲು ಬಿಡಬೇಕು. ಅಸಲಿ ಕೇಸರಿಯನ್ನು ಗುರುತಿಸುವುದೂ ಆಗಲೇ: ನೀರಿಗೆ ಹಾಕಿದ ಕ್ಷಣವೇ ಕೆಂಪು ಬಣ್ಣವೆಲ್ಲ ಹರಿದು ಎಸಳು ಬಿಳಿಚಿಕೊಂಡರೆ ಅದು ಬಣ್ಣ ಹಚ್ಚಿದ ಜೋಳದ ಕೂದಲೋ ಬೇರೆ ಹೂವಿನ ಎಸಳೋ ಆಗಿರುತ್ತದೆ, ನಿಜವಾದದ್ದು ಹೊನ್ನಿನ ಹಳದಿಯನ್ನು ಮೆಲ್ಲಗೆ ಬಿಡುತ್ತಾ ಬಹಳ ಹೊತ್ತು ತಾನು ಕೆಂಪಾಗಿಯೇ ಇರುತ್ತದೆ. ಒಂದು ಹೂವಿನಲ್ಲಿ ಸಿಗುವುದು ಮೂರೇ ಕೇಸರ, ಅದನ್ನೂ ಕೈಯಿಂದಲೇ ಬಿಡಿಸಬೇಕು. ಬೆಲೆ ಏಕೆ ಹಾಗಿದೆಯೆಂದು ಕೇಳುವ ಹಾಗಿಲ್ಲ. ಕಾಶ್ಮೀರದ ಪಾಂಪೋರ್ ಸುತ್ತ ಬೆಳೆಯುವ ಕೇಸರಿಗೆ 2020 ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಪೊಟ್ಟಣದ ಮೇಲೆ ಆ ಗುರುತನ್ನು ನೋಡಿ ಕೊಳ್ಳಬಹುದು. ಕೇಸರಿ ಇಲ್ಲದ ಮನೆಯಲ್ಲಿ ಕೆಲವರು ಅರಿಶಿನದ ಚಿಟಿಕೆ ಹಾಕುತ್ತಾರೆ. ಬಣ್ಣ ಬರುತ್ತದೆ, ಜೊತೆಗೆ ಕೆಮ್ಮಿಗೆ ಕುಡಿಯುವ ಅರಿಶಿನ ಹಾಲಿನ ನೆನಪೂ ಬರುತ್ತದೆ. ನಾನಾದರೆ ಬಣ್ಣವಿಲ್ಲದೆಯೇ ಕುಡಿಯುತ್ತೇನೆ.

ಏಲಕ್ಕಿಯನ್ನು ಪುಡಿಯ ರೂಪದಲ್ಲಿ ತರುವುದಕ್ಕಿಂತ ಹಸಿರು ಕಾಯಿಯನ್ನೇ ತಂದು, ಬಿಡಿಸಿ, ಒಳಗಿನ ಕರಿ ಬೀಜವನ್ನು ಅರ್ಧ ಚಮಚ ಸಕ್ಕರೆಯೊಂದಿಗೆ ಆಗಿಂದಾಗಲೇ ಕುಟ್ಟಿಕೊಳ್ಳಬೇಕು. ಬೀಜ ಒಣಗಿ ಕಂದಾಗಿದ್ದರೆ ಪರಿಮಳ ಹೋಗಿದೆಯೆಂದೇ ಅರ್ಥ, ಕರಿಯ ಬೀಜದ ಮೇಲೆ ಸ್ವಲ್ಪ ಅಂಟಿನ ತೇವವಿದ್ದರೆ ತಾಜಾ. ಕೊಡಗು, ಸಕಲೇಶಪುರ, ಶಿರಸಿಗಳ ಬೆಳೆ ನಮ್ಮದೇ ಇರುವಾಗ, ಹಾವೇರಿಯವರು ಏಲಕ್ಕಿಯನ್ನು ಹಾರವಾಗಿಯೇ ಪೋಣಿಸಿ ಕೊರಳಿಗೆ ಹಾಕುವ ನಾಡಿನಲ್ಲಿ, ವರ್ಷದ ಹಿಂದಿನ ಪುಡಿಯನ್ನು ಬಾದಾಮಿ ಹಾಲಿಗೆ ಹಾಕುವುದು ಸಲ್ಲದು. ಸಿಪ್ಪೆಯನ್ನು ಎಸೆಯದೆ ಚಹಾಪುಡಿಯ ಡಬ್ಬಿಗೆ ಹಾಕಿಡಬಹುದು.

ಜಾಯಿಕಾಯಿ ಇದ್ದೂ ಇಲ್ಲದಂತಿರಬೇಕು. ಒಂದು ಲೀಟರಿಗೆ ತುರಿಮಣೆಯ ಸಣ್ಣ ಹಲ್ಲಿನ ಮೇಲೆ ಮೂರು ನಾಲ್ಕು ಸಲ ಉಜ್ಜಿದಷ್ಟು, ಇಲ್ಲವೇ ಗಂಧ ತೇಯುವ ಕಲ್ಲಿನ ಮೇಲೆ ಹಾಲಿನ ಹನಿಯೊಂದಿಗೆ ನಾಲ್ಕು ಸುತ್ತು ತೇಯ್ದಷ್ಟು ಸಾಕು. ಮಿತಿ ಮೀರಿದರೆ ಕಹಿಯಾಗುವುದಷ್ಟೇ ಅಲ್ಲ, ಹೆಚ್ಚು ಪ್ರಮಾಣದ ಜಾಯಿಕಾಯಿ ತಲೆಸುತ್ತು, ವಾಕರಿಕೆ ತರುತ್ತದೆ. ಹಳೆಯ ಕಾಲದ ಅಡುಗೆಯವರು ಒಂದು ಸಾಸಿವೆಕಾಳಿನಷ್ಟು ಪಚ್ಚ ಕರ್ಪೂರವನ್ನೂ ಹಾಕುವುದುಂಟು. ಹಾಕಿದರೆ ದೇವಸ್ಥಾನದ ಪ್ರಸಾದದ ಪರಿಮಳ ಬರುತ್ತದೆ. ಅದನ್ನು ಅಡುಗೆಗೆಂದೇ ಮಾರುವ ಕಡೆ ಕೊಳ್ಳಬೇಕು, ಮಂಗಳಾರತಿಗೆ ಹಚ್ಚುವ ಕರ್ಪೂರ ವಿಷ. ದಾಲ್ಚಿನ್ನಿ ಮತ್ತು ಲವಂಗವನ್ನು ನಾನು ಇದಕ್ಕೆ ಸೇರಿಸುವುದಿಲ್ಲ, ಅವು ಬಂದರೆ ಮಸಾಲೆ ಚಹಾ ಕುಡಿದಂತಾಗುತ್ತದೆ.

ಇನ್ನು ಬಾದಾಮಿ ಎಸೆನ್ಸ್ ಎಂಬ ಪುಟ್ಟ ಶೀಶೆಯ ವಿಚಾರ. ಅದರ ಘಾಟು ಪರಿಮಳ ಬೆಂಜಾಲ್ಡಿಹೈಡ್ ಎಂಬ ವಸ್ತುವಿನದು. ಅದು ಸಹಜವಾಗಿ ಹುಟ್ಟುವುದು ಕಹಿ ಬಾದಾಮಿ ಮತ್ತು ಏಪ್ರಿಕಾಟ್ ಬೀಜಗಳಿಂದ. ನಾವು ತಿನ್ನುವ ಸಿಹಿ ಬಾದಾಮಿಯಲ್ಲಿ ಆ ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಹೀಗಿರುವಾಗ ಅಪ್ಪಟ ಬಾದಾಮಿ ಹಾಲು ಕುಡಿದು ‘ಇದರಲ್ಲಿ ಬಾದಾಮಿ ವಾಸನೆಯೇ ಇಲ್ಲವಲ್ಲ’ ಎನ್ನುವವರ ಮಾತಿಗೆ ಬೇಸರಪಡಬೇಕಾಗಿಲ್ಲ.

ಹಾಲು ಕಾಯಿಸುವ ಕ್ರಮ

ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಪೂರ್ಣ ಕೆನೆಯ ಹಾಲಿನಲ್ಲಿ ಶೇ. 6. ಇವೆರಡರ ನಡುವಿನ, ಶೇ. 4.5 ಕೊಬ್ಬಿನ ಹಾಲು ಬಿಸಿಯಾಗಿ ಕುಡಿಯಲು ಹೇಳಿ ಮಾಡಿಸಿದಂತಿದೆ. ಎಮ್ಮೆಯ ಗಟ್ಟಿ ಹಾಲನ್ನು ಬಳಸುವವರು ಲೀಟರಿಗೆ ಅರ್ಧ ಲೋಟ ನೀರು ಬೆರೆಸಿಕೊಂಡರೆ ಬಾದಾಮಿಯ ಕೊಬ್ಬೂ ಸೇರಿ ಬಾಯಿಗೆ ಜಿಡ್ಡಾಗುವುದು ತಪ್ಪುತ್ತದೆ.

ದಪ್ಪ ತಳದ ಅಗಲವಾದ ಪಾತ್ರೆಯನ್ನು ನೀರಿನಿಂದ ತೊಳೆದು, ಒರೆಸದೆ, ಆ ತೇವದ ಮೇಲೆಯೇ ಹಾಲು ಸುರಿಯಬೇಕು. ತಳ ಹಿಡಿಯುವುದು ಇದರಿಂದ ಬಹಳ ಕಡಿಮೆಯಾಗುತ್ತದೆ. ಮೊದಲು ಹಾಲನ್ನಷ್ಟೇ ಒಂದು ಸಲ ಉಕ್ಕು ಬರುವವರೆಗೆ ಕಾಯಿಸಬೇಕು. ಹಾಲು ಹಳತಾಗಿ ಒಡೆಯುವುದಿದ್ದರೆ ಈಗಲೇ ಒಡೆಯುತ್ತದೆ, ಬಾದಾಮಿ ಬಚಾವಾಗುತ್ತದೆ. ಉಕ್ಕಿದ ಮೇಲೆ ಉರಿಯನ್ನು ಸಣ್ಣದಾಗಿಸಿ ಹತ್ತು ನಿಮಿಷ ಬಿಡಬೇಕು. ಬದಿಗೆ ಕಟ್ಟುವ ಕೆನೆಯನ್ನು ಸೌಟಿನಿಂದ ಬಿಡಿಸಿ ಹಾಲಿಗೇ ಸೇರಿಸುತ್ತಿರಬೇಕು.

ರುಬ್ಬಿದ ಹಿಟ್ಟನ್ನು ಒಮ್ಮೆಗೇ ಕುದಿಯುವ ಹಾಲಿಗೆ ಸುರಿದರೆ ಗಂಟು ಕಟ್ಟುತ್ತದೆ. ಅದಕ್ಕೆ ಎರಡು ಸೌಟು ಬಿಸಿ ಹಾಲನ್ನು ಬಟ್ಟಲಿಗೆ ತೆಗೆದುಕೊಂಡು, ಹಿಟ್ಟನ್ನು ಅದರಲ್ಲಿ ಕದಡಿ, ತೆಳುವಾಗಿಸಿ, ನಂತರ ಪಾತ್ರೆಗೆ ಹೊಯ್ಯಬೇಕು. ಮಿಕ್ಸಿಯ ಜಾರಿಗೂ ಸ್ವಲ್ಪ ಹಾಲು ಹಾಕಿ ಅಲುಗಾಡಿಸಿ ಅದನ್ನೂ ಸೇರಿಸಬೇಕು, ಬ್ಲೇಡಿನ ಕೆಳಗೆ ಐದಾರು ಬಾದಾಮಿಯಷ್ಟು ಹಿಟ್ಟು ಅಡಗಿರುತ್ತದೆ. ಇಲ್ಲಿಂದ ಮುಂದೆ ಒಲೆ ಬಿಟ್ಟು ಕದಲುವಂತಿಲ್ಲ. ಹಿಟ್ಟಿನ ಕಣಗಳು ಹಾಲಿಗಿಂತ ಭಾರವಾಗಿ ತಳಕ್ಕೆ ಇಳಿಯುವುದರಿಂದ ಮೇಲೆಮೇಲೆ ಕಲಕಿದರೆ ಏನೂ ಪ್ರಯೋಜನವಿಲ್ಲ. ಚಪ್ಪಟೆ ತುದಿಯ ಮರದ ಸೌಟು ಪಾತ್ರೆಯ ತಳವನ್ನು ಗುಡಿಸುತ್ತಾ ಹೋಗಬೇಕು. ಎಂಟರಿಂದ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೆಂದಾಗ ಮೊದಲು ಬರುತ್ತಿದ್ದ ಹಸಿ ವಾಸನೆ ಹೋಗಿ, ಹೊಸದಾಗಿ ಕಾಯಿಸಿದ ತುಪ್ಪವನ್ನು ದೂರದಿಂದ ಮೂಸಿದಂತಹ ಮೃದುವಾದ ಪರಿಮಳ ಏಳುತ್ತದೆ. ಗುಳ್ಳೆಗಳ ಸ್ವರೂಪವೂ ಬದಲಾಗುತ್ತದೆ: ಬರಿ ಹಾಲಿನ ಗುಳ್ಳೆ ದೊಡ್ಡದಾಗಿ ಥಟ್ಟನೆ ಒಡೆಯುತ್ತದೆ, ಬಾದಾಮಿ ಬೆಂದ ಹಾಲಿನದು ಚಿಕ್ಕದಾಗಿ, ಒತ್ತಾಗಿ, ನಿಧಾನವಾಗಿ ಒಡೆಯುತ್ತದೆ. ಸೌಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದಾಗ ಗೆರೆ ಕ್ಷಣಕಾಲ ನಿಂತು ಆಮೇಲೆ ಕೂಡಿಕೊಂಡರೆ ಹದವಾಗಿದೆ. ಗೆರೆ ಹಾಗೆಯೇ ನಿಂತುಬಿಟ್ಟರೆ ಮಂದವಾಯಿತು, ಸ್ವಲ್ಪ ಹಾಲು ಹೊಯ್ದು ಸರಿಪಡಿಸಬೇಕು.

ಸಕ್ಕರೆಯನ್ನು ಈಗ ಹಾಕಬೇಕು, ಮೊದಲೇ ಹಾಕಿದರೆ ತಳ ಬೇಗ ಹಿಡಿಯುತ್ತದೆ. ಸಕ್ಕರೆ ಕರಗಿದಾಗ ಹಾಲು ಸ್ವಲ್ಪ ನೀರಾದಂತೆ ಕಾಣುವುದು ಸಹಜ, ಎರಡು ನಿಮಿಷದಲ್ಲಿ ಮತ್ತೆ ಹದಕ್ಕೆ ಬರುತ್ತದೆ. ಕಲ್ಲುಸಕ್ಕರೆಯಾದರೆ ಪುಡಿಮಾಡಿ ಹಾಕಬಹುದು. ಬೆಲ್ಲ ಬೇಕೆನ್ನುವವರು ಕುದಿಯುವ ಹಾಲಿಗೆ ಅದನ್ನು ಹಾಕಲೇಬಾರದು, ಬೆಲ್ಲದ ಹುಳಿಯಂಶಕ್ಕೆ ಹಾಲು ಒಡೆಯುತ್ತದೆ. ಬೆಲ್ಲವನ್ನು ಬೇರೆಯಾಗಿ ನೀರಿನಲ್ಲಿ ಕರಗಿಸಿ, ಸೋಸಿ, ಆರಿಸಿ, ಒಲೆಯಿಂದ ಇಳಿಸಿ ಬೆಚ್ಚಗಾದ ಹಾಲಿಗೆ ಬೆರೆಸಬೇಕು. ಸಕ್ಕರೆಯ ಬೆನ್ನಿಗೆ ನೆನೆದ ಕೇಸರಿ ಹಾಲನ್ನು ಸೇರಿಸಿ ಎರಡು ನಿಮಿಷ ಕಾಯಿಸಿ, ಉರಿ ಆರಿಸಿದ ನಂತರ ಏಲಕ್ಕಿ ಮತ್ತು ಜಾಯಿಕಾಯಿ ಹಾಕಿ ತಟ್ಟೆ ಮುಚ್ಚಿ ಐದು ನಿಮಿಷ ಬಿಡಬೇಕು. ಏಲಕ್ಕಿಯನ್ನು ಕುದಿಯುವಾಗ ಹಾಕಿದರೆ ಪರಿಮಳ ಅಡುಗೆಮನೆಯ ತುಂಬ ಇರುತ್ತದೆ, ಲೋಟದಲ್ಲಿ ಇರುವುದಿಲ್ಲ.

ಅಷ್ಟಾಗಿಯೂ ತಳ ಹಿಡಿದು ಸೀದ ವಾಸನೆ ಬಂದರೆ ಕೆರೆದು ನೋಡುವ ಕುತೂಹಲ ಬೇಡ. ಉರಿ ಆರಿಸಿ, ತಳವನ್ನು ಮುಟ್ಟದೆ ಮೇಲಿನ ಹಾಲನ್ನು ಇನ್ನೊಂದು ಪಾತ್ರೆಗೆ ಮೆಲ್ಲಗೆ ಬಗ್ಗಿಸಿಕೊಂಡರೆ ಬಹಳ ಸಲ ಉಳಿಯುತ್ತದೆ. ಸೀದ ಹಾಲಿಗೆ ವೀಳ್ಯದೆಲೆ ಹಾಕಿದರೆ ವಾಸನೆ ಹೋಗುವುದೆಂಬ ಮನೆಮದ್ದನ್ನು ನಾನೂ ಮಾಡಿ ನೋಡಿದ್ದೇನೆ. ನನಗೆ ದೊರೆತದ್ದು ವೀಳ್ಯದೆಲೆಯ ವಾಸನೆಯುಳ್ಳ ಸೀದ ಹಾಲು.

ಕೊಡುವುದು, ಕೂಡಿಡುವುದು

ಬಿಸಿಯಾಗಿ ಕೊಡುವುದಾದರೆ ಎರಡು ಸ್ಟೀಲ್ ಲೋಟಗಳ ನಡುವೆ ಮೂರು ನಾಲ್ಕು ಸಲ ಎತ್ತಿ ಹೊಯ್ದು ನೊರೆ ಬರಿಸಿ, ಮೇಲೆ ತೆಳುವಾಗಿ ಹೆಚ್ಚಿದ ಎರಡು ಬಾದಾಮಿ ಚೂರನ್ನು ಉದುರಿಸಿದರೆ ಸಾಕು. ತಣ್ಣಗೆ ಕುಡಿಯುವುದಕ್ಕಾದರೆ ಸಕ್ಕರೆಯನ್ನು ಒಂದು ದೊಡ್ಡ ಚಮಚ ಹೆಚ್ಚಿಸಬೇಕು, ತಣ್ಣನೆಯ ನಾಲಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಪಾತ್ರೆಯನ್ನು ತಣ್ಣೀರಿನ ಬೇಸಿನ್‌ನಲ್ಲಿಟ್ಟು ಕಲಕುತ್ತಾ ಆರಿಸಿದರೆ ಕೆನೆ ಪದರ ಕಟ್ಟುವುದಿಲ್ಲ. ಆಮೇಲೆ ನಾಲ್ಕೈದು ಗಂಟೆ ಫ್ರಿಜ್ಜಿನಲ್ಲಿಡಬೇಕು. ತಣಿದಾಗ ಇನ್ನಷ್ಟು ಮಂದವಾಗುವುದರಿಂದ ತಣ್ಣಗೆ ಕುಡಿಯಲೆಂದು ಮಾಡುವ ಹಾಲನ್ನು ಹದಕ್ಕಿಂತ ಸ್ವಲ್ಪ ಮೊದಲೇ ಇಳಿಸುವುದು ಒಳ್ಳೆಯದು. ಮಂಜುಗಡ್ಡೆ ಹಾಕಿದರೆ ಪಟ್ಟ ಶ್ರಮವೆಲ್ಲ ನೀರಾಗುತ್ತದೆ.

ನೂರು ಜನರ ಸಮಾರಂಭಕ್ಕೆ 150 ಮಿಲಿಲೀಟರಿನ ಲೋಟದ ಲೆಕ್ಕದಲ್ಲಿ 16 ಲೀಟರ್ ಹಾಲು, ಸುಮಾರು 1 ಕಿಲೋ ಬಾದಾಮಿ, ಒಂದೂಕಾಲು ಕಿಲೋ ಸಕ್ಕರೆ ಬೇಕಾಗುತ್ತದೆ. ಅಷ್ಟು ಬಾದಾಮಿಗೆ ಮಿಕ್ಸಿ ಸಾಲದು, ದೋಸೆಹಿಟ್ಟು ರುಬ್ಬುವ ಗ್ರೈಂಡರನ್ನು ಚೆನ್ನಾಗಿ ತೊಳೆದು ಉದ್ದಿನ ವಾಸನೆ ಹೋಗಿದೆಯೆಂದು ಖಾತ್ರಿಪಡಿಸಿಕೊಂಡು ಬಳಸಬಹುದು. ಏಲಕ್ಕಿಯನ್ನು ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚಿಸದೆ 60 ರಿಂದ 70 ಕಾಯಿಗೆ ನಿಲ್ಲಿಸಿ, ರುಚಿ ನೋಡಿ ಮುಂದುವರಿಯಬೇಕು.

ದಿನವೂ ನೆನೆಸಿ ರುಬ್ಬಲಾಗದವರಿಗೆ ಪುಡಿಯ ದಾರಿಯಿದೆ. ಸುಲಿದ 100 ಗ್ರಾಂ ಬಾದಾಮಿಯನ್ನು ಒರೆಸಿ, ಬಟ್ಟೆಯ ಮೇಲೆ ಫ್ಯಾನಿನ ಗಾಳಿಗೆ ರಾತ್ರಿಯಿಡೀ ಹರಡಿ, ಬೆಳಗ್ಗೆ ಸಣ್ಣ ಉರಿಯಲ್ಲಿ ಕೆಂಪಾಗದಂತೆ ಏಳೆಂಟು ನಿಮಿಷ ಹುರಿದು, ಪೂರ್ತಿ ಆರಿದ ಮೇಲೆ 100 ಗ್ರಾಂ ಸಕ್ಕರೆ, 10 ಏಲಕ್ಕಿಯ ಬೀಜ ಮತ್ತು ಗರಿಗರಿ ಮಾಡಿದ ಕೇಸರಿಯೊಂದಿಗೆ ತಡೆತಡೆದು ಪುಡಿಮಾಡಬೇಕು. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಒಂದು ಲೋಟ ಹಾಲಿಗೆ ಎರಡು ದೊಡ್ಡ ಚಮಚ ಹಾಕಿ ಮೂರು ನಾಲ್ಕು ನಿಮಿಷ ಕುದಿಸಿದರೆ ಕೆಲಸವಾಯಿತು. ಫ್ರಿಜ್ಜಿನಲ್ಲಿ, ತೇವವಿಲ್ಲದ ಡಬ್ಬಿಯಲ್ಲಿ ಮೂರು ನಾಲ್ಕು ವಾರ ಇರುತ್ತದೆ. ರುಬ್ಬಿ ಮಾಡಿದ ಹಾಲಿನ ನುಣುಪು ಇದರಲ್ಲಿ ಬರುವುದಿಲ್ಲವೆಂಬುದನ್ನು ಒಪ್ಪಿಕೊಂಡೇ ಮಾಡಬೇಕು.

ಬಾದಾಮಿ ಕೆಲವರ ಮೈಗೆ ಒಗ್ಗುವುದಿಲ್ಲ, ಅಲರ್ಜಿ ಇರುವವರಿಗೆ ಒಂದು ಗುಟುಕೂ ಅಪಾಯಕಾರಿಯಾಗಬಹುದಾದ್ದರಿಂದ ಹೊಸಬರಿಗೆ ಕೊಡುವ ಮೊದಲು, ಅದರಲ್ಲೂ ಮಕ್ಕಳಿಗೆ, ಕೇಳಿ ಕೊಡಬೇಕು. ಮಾಡಿದ ಹಾಲನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡದೆ ಫ್ರಿಜ್ಜಿಗೆ ಸೇರಿಸಿ ಎರಡು ದಿನದೊಳಗೆ ಮುಗಿಸಬೇಕು. ಮರುದಿನ ತೆಗೆದಾಗ ಬಾದಾಮಿಯೆಲ್ಲ ತಳದಲ್ಲಿ ಕೂತು ಮೇಲೆ ತೆಳು ಹಾಲು ನಿಂತಿರುತ್ತದೆ, ಅದು ಕೆಟ್ಟದ್ದರ ಗುರುತಲ್ಲ. ಉದ್ದನೆಯ ಚಮಚವನ್ನು ತಳಕ್ಕೆ ಮುಟ್ಟಿಸಿ ಚೆನ್ನಾಗಿ ಕದಡಿ, ಆಮೇಲೆ ಲೋಟಕ್ಕೆ ಬಗ್ಗಿಸಬೇಕು, ಇಲ್ಲವಾದರೆ ಮೊದಲು ಕುಡಿದವರಿಗೆ ಬರಿ ಸಿಹಿ ಹಾಲೂ ಕೊನೆಯವರಿಗೆ ಬಾದಾಮಿಯೂ ಸಿಗುತ್ತದೆ.